ಇನ್ನೊಂದು ಕಾಲು ಸುತ್ತು

ಪೀಣ್ಯದ ನಮ್ಮ ಬೀದಿಯಲ್ಲಿ ನನ್ನ ಬಲಗೈಗೆ ಒಂದು ಹೆಸರಿತ್ತು. ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲಿ ನೀರಿನ ಪಂಪುಗಳ ಕವಚಗಳು ತಯಾರಾಗುತ್ತಿದ್ದವು. ಅವನ್ನು ಜೋಡಿಸಿ ಬೋಲ್ಟ್ ಬಿಗಿಯುವುದು, ಬಿಗಿದದ್ದನ್ನು ಪರೀಕ್ಷಿಸುವುದು ನನ್ನ ಕೆಲಸ. ಬಿಗಿಯನ್ನು ಅಳೆಯಲು ಟಾರ್ಕ್ ವ್ರೆಂಚ್ ಅಂತ ಒಂದು ಉಪಕರಣವಿದೆ. ಎಷ್ಟು ಬೇಕೋ ಅಷ್ಟು ಬಿಗಿಯಾದ ತಕ್ಷಣ ಅದು ಟಿಕ್ ಎನ್ನುತ್ತದೆ, ಅಲ್ಲಿಗೆ ಕೈ ನಿಲ್ಲಿಸಬೇಕು. ನಮ್ಮಲ್ಲೂ ಒಂದಿತ್ತು. ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ, ಗಾಜಿನ ಬೀರುವಿನೊಳಗೆ, ಹಸೆಮಣೆ ಮೇಲಿನ ಮದುಮಗಳ ಹಾಗೆ ಕೂತಿರುತ್ತಿತ್ತು. ಆಡಿಟ್‌ನವರು ಬಂದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಉಳಿದ ದಿನಗಳಿಗೆಲ್ಲ ನನ್ನ ಕೈಯೇ ಸಾಕಾಗಿತ್ತು.

ಒಂದು ಸಲ ಯಜಮಾನರು ನಾನು ಬರಿಗೈಯಲ್ಲಿ ಬಿಗಿದ ಬೋಲ್ಟುಗಳನ್ನು ಸಾಲಾಗಿ ಆ ವ್ರೆಂಚಿನಿಂದ ಪರೀಕ್ಷಿಸಿದರು. ಒಂದೂ ಹೆಚ್ಚುಕಮ್ಮಿ ಇರಲಿಲ್ಲ. ‘ಇವನ ಕೈಗೇ ಸರ್ಟಿಫಿಕೇಟ್ ಹಾಕಿಸ್ಬೇಕು ಕಣ್ರೀ’ ಅಂತ ಎಲ್ಲರೆದುರು ಹೇಳಿದರು. ಆಮೇಲೆ ನನ್ನ ಜಂಬವನ್ನು ಕೇಳಬೇಕೆ! ಪಕ್ಕದ ಶೆಡ್ಡಿನವರು ಬಂದು ‘ಅಣ್ಣ, ಇದನ್ನ ಒಂಚೂರು ಬಿಗಿದುಕೊಡಿ’ ಎಂದರೆ ಟೀ ಬಿಟ್ಟು ಎದ್ದುಹೋಗುತ್ತಿದ್ದೆ.

ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಎರಡು ಪಾಠ ಹೇಳಿದ್ದರು. ಒಂದು: ‘ತಿರುಗೋದು ನಿಂತ್ಮೇಲೆ ಇನ್ನೊಂದು ಕಾಲು ಸುತ್ತು ಹಾಕ್ಬಿಡು ಮಗಾ, ಜನ್ಮದಲ್ಲಿ ಸಡಿಲ ಆಗಲ್ಲ.’ ಇನ್ನೊಂದು ಬಿರುಕು ಹುಡುಕುವ ಉಪಾಯ. ಎರಕದ ಕವಚದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸೀಮೆಎಣ್ಣೆ ಸವರಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸುಣ್ಣ ಬಳಿದು ಸ್ವಲ್ಪ ಹೊತ್ತು ಕಾಯಬೇಕು. ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಮೆಲ್ಲಗೆ ಮೇಲೆದ್ದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಈ ಎರಡು ಪಾಠ ಹಿಡಿದುಕೊಂಡು ನಾನು ಇಪ್ಪತ್ತು ವರ್ಷ ಅನ್ನ ತಿಂದಿದ್ದೇನೆ.

ನನಗೊಬ್ಬಳು ತಂಗಿ. ನಾವು ದಾವಣಗೆರೆ ಕಡೆಯವರು, ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ನಾನು ಪೀಣ್ಯಕ್ಕೆ ಬಂದು ಲಗ್ಗೆರೆಯಲ್ಲಿ ಮನೆ ಹಿಡಿದೆ. ತಂಗಿ ನಮ್ಮ ಮನೆಯಿಂದಲೇ ಕಾಲೇಜು ಮುಗಿಸಿದಳು, ಕೆಲಸ ಹುಡುಕಿಕೊಂಡಳು, ಮದುವೆಯಾಗಿ ಗಂಡನ ಜೊತೆ ದೊಡ್ಡನೆಕ್ಕುಂದಿಯ ಒಂದು ಅಪಾರ್ಟ್‌ಮೆಂಟಿಗೆ ಹೋದಳು. ವೈಟ್‌ಫೀಲ್ಡಿನಲ್ಲಿ ಅವಳ ಆಫೀಸು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಡೀ ದಿನ ಕೂತು ಯಾವುದೋ ದೇಶದವರ ದೂರು ಕೇಳುವ ಕೆಲಸ. ಕೂತೂ ಕೂತೂ ಅವಳ ಬೆನ್ನು ಹಾಳಾಯಿತು. ಮೂವತ್ತೆರಡಕ್ಕೇ ನಮ್ಮಜ್ಜಿಯ ಹಾಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಡಾಕ್ಟರು ಈಜು ಇಲ್ಲವೇ ಸೈಕಲ್ ಅಂದರು. ನೀರೆಂದರೆ ಅವಳಿಗೆ ಭಯ. ಮೊದಲು ಒಂದು ಅಲ್ಯೂಮಿನಿಯಂ ಸೈಕಲ್ ಕೊಂಡಳು. ವರ್ತೂರಿನ ರಸ್ತೆಯಲ್ಲಿ ಅದರ ಮೇಲೆ ಹೋಗಿಬಂದರೆ ಎರಡು ದಿನ ಮಲಗುತ್ತಿದ್ದಳು. ಕೊನೆಗೊಂದು ಭಾನುವಾರ ಕಾರಿನ ಹಿಂದಿನ ಸೀಟು ಮಡಚಿ ಕಪ್ಪು ಬಣ್ಣದ ಹೊಸ ಸೈಕಲೊಂದನ್ನು ಹಾಕಿಕೊಂಡು ನಮ್ಮ ಮನೆಗೆ ಬಂದಳು. ಇಳಿಸಲು ಹೋದೆ. ಎರಡು ಬೆರಳಲ್ಲಿ ಮೇಲೆದ್ದಿತು.

‘ಏನೇ ಇದು, ಪ್ಲಾಸ್ಟಿಕ್ ಸೈಕಲ್ ತಂದಿದ್ದೀಯಾ?’ ಅಂದೆ.

‘ಪ್ಲಾಸ್ಟಿಕ್ ಅಲ್ಲ ಕಣೋ ಅಣ್ಣ, ಕಾರ್ಬನ್. ನೂಲಿನ ಥರ ಎಳೆ ಇರುತ್ತೆ, ಅದನ್ನ ಪದರ ಪದರ ಅಂಟಿಸಿ ಮಾಡ್ತಾರೆ. ರಸ್ತೆಯ ಕುಲುಕಾಟನ ಅದೇ ನುಂಗ್ಬಿಡುತ್ತೆ, ನನ್ನ ಬೆನ್ನಿಗೆ ಬರಲ್ಲ.’

‘ಸಾಹುಕಾರ್ತಿ ಆಗ್ಬಿಟ್ಟೆ ಬಿಡು.’

‘ಕಾರ್ಬನ್‌ನಲ್ಲೇ ಇದು ಅಗ್ಗದ್ದು. ರೇಸ್‌ನವರ ಥರ ಮೂಗು ನೆಲಕ್ಕೆ ಹಚ್ಕೊಂಡು ತುಳಿಯೋದಲ್ಲ. ಸ್ವಲ್ಪ ನೆಟ್ಟಗೆ ಕೂರ್ಬೋದು, ಟೈರೂ ಸ್ವಲ್ಪ ದಪ್ಪ. ಓಡೋದರಲ್ಲೇನೂ ಕಮ್ಮಿ ಇಲ್ಲ. ನೀನೇ ಒಂದ್ಸಲ ಹತ್ತಿ ನೋಡು.’

ಹತ್ತಿದೆ. ಲುಂಗಿ ಎತ್ತಿಕಟ್ಟಿ ನಮ್ಮ ಬೀದಿಯ ಇಳಿಜಾರಿನಲ್ಲಿ ಬಿಟ್ಟೆ. ಅಗೆದು ಮುಚ್ಚಿದ ಒಳಚರಂಡಿಯ ಸಾಲಿನ ಮೇಲೆ ನನ್ನ ಸ್ಕೂಟರಿನಲ್ಲಿ ಹೋದರೆ ಹಲ್ಲು ಕಟಕಟ ಎನ್ನುತ್ತದೆ. ಇದರಲ್ಲಿ ಚಾಪೆಯ ಮೇಲೆ ಉರುಳಿದ ಹಾಗಿತ್ತು. ಎರಡು ತುಳಿತಕ್ಕೆ ಸೈಕಲ್ಲು ಚಿಗರೆಯಂತೆ ಹಾರಿತು. ಸಂತೋಷವಾಯಿತು ಅಂತ ಹೇಳಲು ಬಾಯಿ ಬರಲಿಲ್ಲ. ‘ಗಟ್ಟಿ ಇಲ್ಲ ಕಣೆ, ಸದ್ದೇ ಟೊಳ್ಳು’ ಅಂತ ಬೆರಳಲ್ಲಿ ಕುಟ್ಟಿ ತೋರಿಸಿದೆ.

ಎರಡು ತಿಂಗಳಲ್ಲಿ ತಂಗಿ ಬೇರೆಯೇ ಹೆಂಗಸಾದಳು. ಬೆಳಿಗ್ಗೆ ಸರ್ಜಾಪುರದ ಕಡೆ ಹೋಗಿ ಬರುವಳು. ಅಲ್ಲಿನ ಹೂವಿನ ತೋಟದವರು ಇವಳ ಗುಂಪಿನ ಹೆಂಗಸರನ್ನು ಕಂಡರೆ ಕೈಬೀಸುತ್ತಾರಂತೆ. ಬೆನ್ನಿನ ಮಾತ್ರೆ ಬಿಟ್ಟಳು. ಫೋನಿನಲ್ಲಿ ನಗುವ ದನಿಯೇ ಬದಲಾಗಿತ್ತು. ನನ್ನ ಹೆಂಡತಿ ‘ನಿಮ್ಮ ತಂಗಿಗೆ ಮತ್ತೆ ಹದಿನೆಂಟು ಆಯ್ತು’ ಎಂದು ನಗುತ್ತಿದ್ದಳು.

ಆಮೇಲೊಂದು ದಿನ ಫೋನು ಬಂತು. ‘ಅಣ್ಣ, ಸೀಟು ಕೆಳಗೆ ಜಾರ್ತಿದೆ. ಹತ್ತು ಕಿಲೋಮೀಟರ್ ಹೋಗೋ ಅಷ್ಟರಲ್ಲಿ ಒಂದಿಂಚು ಇಳಿದಿರುತ್ತೆ. ಅಂಗಡಿಯವರು ಮುಂದಿನ ವಾರ ತನ್ನಿ ಅಂತಾರೆ.’

‘ಅಂಗಡಿ ಯಾಕೆ? ಅಣ್ಣ ಸತ್ತಿದ್ದಾನಾ? ಶನಿವಾರ ವರ್ಕ್‌ಶಾಪಿಗೆ ತಗೊಂಡು ಬಾ’ ಎಂದೆ.

ಶನಿವಾರ ಬಂದಳು. ಸೀಟಿನ ಕಂಬ ಹೋಗಿ ಕೂರುವ ಕೊಳವೆಯ ಬಾಯಿಗೆ ಒಂದು ಸೀಳಿರುತ್ತದೆ. ಸುತ್ತ ಒಂದು ಬಳೆ, ಬಳೆಗೊಂದು ಬೋಲ್ಟು. ಬೋಲ್ಟು ಬಿಗಿದರೆ ಸೀಳು ಮುಚ್ಚಿಕೊಂಡು ಕಂಬವನ್ನು ಹಿಡಿಯುತ್ತದೆ. ಇಷ್ಟೇ ವಿಷಯ. ನಾನು ಕಂಬವನ್ನು ಹೊರಗೆಳೆದು, ಒರೆಸಿ, ಮಷಿನ್ನಿಗೆ ಹಾಕುವ ಗ್ರೀಸನ್ನು ಸುತ್ತ ಧಾರಾಳವಾಗಿ ಸವರಿ ಒಳಗಿಟ್ಟೆ. ಕಬ್ಬಿಣಕ್ಕೆ ಹಾಗೆಯೇ ಮಾಡುವುದು. ಕಾರ್ಬನ್ನಿಗೆ ಗ್ರೀಸು ಹಾಕಬಾರದು, ಹಾಕಿದರೆ ಇನ್ನಷ್ಟು ಜಾರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜಾತಿಯವನೂ ನಾನಲ್ಲ.

ಬಳೆಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಇಷ್ಟಕ್ಕಿಂತ ಹೆಚ್ಚು ಬಿಗಿಯಬೇಡಿ ಎಂದು ಒಂದು ಅಂಕಿ ಬರೆದಿತ್ತು. ತಂಗಿ ಅದನ್ನು ಬೆರಳಿಟ್ಟು ತೋರಿಸಿದಳು. ‘ಐದು ಅಂತ ಇದೆ ನೋಡಣ್ಣ. ಅಳತೆ ಸ್ಪ್ಯಾನರ್ ಬೇಕಂತೆ.’

‘ಐದಾ? ಉಪ್ಪಿನಕಾಯಿ ಜಾಡಿ ಮುಚ್ಚಳಕ್ಕೆ ಇದಕ್ಕಿಂತ ಜಾಸ್ತಿ ಹಾಕ್ತೀವಿ ಕಣೆ’ ಎಂದೆ. ಸುತ್ತಲಿದ್ದವರು ನಕ್ಕರು. ಟಾರ್ಕ್ ವ್ರೆಂಚು ನಾನು ನಿಂತಲ್ಲಿಂದ ಹತ್ತು ಹೆಜ್ಜೆ ದೂರದ ಬೀರುವಿನಲ್ಲೇ ಇತ್ತು. ಅಂಥ ಸಣ್ಣ ಅಂಕಿ ಆ ದೊಡ್ಡ ವ್ರೆಂಚಿಗೆ ಸಿಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಸಮಾಧಾನಪಡಿಸಿಕೊಂಡಿದ್ದೇನೆ. ನಿಜ ಏನೆಂದರೆ, ಅತ್ತ ತಿರುಗಿಯೂ ನೋಡಲಿಲ್ಲ.

ಬಿಗಿದೆ. ತಂಗಿ ಕೂತು ನೋಡಿದಳು, ಸೀಟು ಜಾರಿತು. ಇನ್ನಷ್ಟು ಬಿಗಿದೆ. ಮತ್ತೆ ಜಾರಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಲರೂ ನೋಡುತ್ತಿದ್ದಾರೆ ಬೇರೆ. ಬೋಲ್ಟು ತಿರುಗಿಸುವ ಅಲೆನ್ ಕೀಲಿಗೆ ಒಂದು ಗೇಣುದ್ದದ ಪೈಪು ಸಿಕ್ಕಿಸಿ ತಿರುಗಿಸಿದೆ. ತಿರುಗುವುದು ನಿಂತಿತು. ಅಭ್ಯಾಸಬಲ. ಕೈ ತಾನಾಗಿಯೇ ಇನ್ನೊಂದು ಕಾಲು ಸುತ್ತು ಹಾಕಿತು.

ಟಿಕ್ ಎಂದಿತು.

ಬಹಳ ಸಣ್ಣ ಸದ್ದು, ಉಗುರು ಮುರಿದಷ್ಟು. ಬೋಲ್ಟಿನ ಸದ್ದಲ್ಲವೆಂದು ಕೈಗೆ ತಕ್ಷಣ ಗೊತ್ತಾಯಿತು. ಕಬ್ಬಿಣವಾದರೆ ಮುರಿಯುವ ಮುಂಚೆ ಹಿಗ್ಗುತ್ತದೆ, ಕಿರುಗುಟ್ಟುತ್ತದೆ, ಬಿಡಪ್ಪಾ ಸಾಕು ಎಂದು ಕೈಗೆ ಹೇಳುತ್ತದೆ. ಇದು ಏನೂ ಹೇಳಿರಲಿಲ್ಲ.

‘ಏನಣ್ಣ ಅದು ಸದ್ದು?’ ತಂಗಿ ಕೇಳಿದಳು.

‘ಏನಿಲ್ಲ. ಬೋಲ್ಟು ಕೂತ್ಕೊಳ್ತು’ ಎಂದೆ.

ಅವಳು ಹತ್ತಿ ಕೂತಳು. ಸೀಟು ಅಲ್ಲಾಡಲಿಲ್ಲ. ‘ನೋಡಿದ್ರಾ ನಮ್ಮಣ್ಣನ ಕೈ!’ ಎಂದು ಎಲ್ಲರ ಮುಂದೆ ಹೇಳಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ನಾನು ನಕ್ಕೆ. ಕೊಳವೆಯನ್ನು ಬಗ್ಗಿ ನೋಡಿದೆ. ಕಪ್ಪು ಬಣ್ಣದಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದ ಮೇಲೆ ಇಲ್ಲ ಎಂದುಕೊಂಡೆ. ಬಿರುಕು ಹುಡುಕುವ ಕೆಲಸದಲ್ಲಿದ್ದವನು ಹಾಗೆಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ನಾಲ್ಕು ದಿನ ಬಿಟ್ಟು ಫೋನು ಮಾಡಿದಳು. ಕೂತು ಜೋರಾಗಿ ತುಳಿದರೆ ಕೆಳಗಿಂದ ಕಿಟ್ ಕಿಟ್ ಎನ್ನುತ್ತದಂತೆ, ಎದ್ದು ನಿಂತು ತುಳಿದರೆ ಇಲ್ಲವಂತೆ. ಪೆಡಲಿಗೆ ಧೂಳು ಸೇರಿರುತ್ತೆ ಎಂದೆ. ವಾರ ಬಿಟ್ಟು ಮತ್ತೆ ಅದೇ ಮಾತು. ಚೈನಿಗೆ ಎಣ್ಣೆ ಹಾಕು ಎಂದೆ. ಮೂರನೇ ಸಲ ‘ಹೊಸದರಲ್ಲಿ ಹಾಗೇ ಕಣೆ, ಪಳಗಬೇಕು’ ಎಂದೆ. ನಾನು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ‘ಕಮ್ಮಿ ಆದ ಹಾಗಿದೆ ಅಣ್ಣ’ ಎಂದೂ ಹೇಳಿದಳು. ಅದು ನನ್ನನ್ನು ನೋಯಿಸಬಾರದೆಂದು ಹೇಳಿದ್ದು ಎಂದು ಈಗ ಅನ್ನಿಸುತ್ತದೆ.

ನಮ್ಮ ವರ್ಕ್‌ಶಾಪಿನ ಎದುರು ಫೈಬರ್ ಸಾಮಾನು ಮಾಡುವ ಒಂದು ಶೆಡ್ಡಿತ್ತು. ಟೀ ಹೊತ್ತಿಗೆ ಅಲ್ಲಿನ ಮೇಸ್ತ್ರಿಯನ್ನು ಕೇಳಿದೆ, ಸುಮ್ಮನೆ ಕುತೂಹಲಕ್ಕೆ ಎನ್ನುವ ಹಾಗೆ. ಅವರು ರಾಯಚೂರಿನ ಕಡೆಯವರು. ಮೂಲೆಯಲ್ಲಿದ್ದ ಒಂದು ಕಾರ್ಬನ್ ಕಡ್ಡಿ ತಂದು ನನ್ನ ಕೈಗೆ ಕೊಟ್ಟು ‘ಬಗ್ಸ್ರಿ’ ಎಂದರು. ಎಷ್ಟು ಬಲ ಹಾಕಿದರೂ ಅಲ್ಲಾಡಲಿಲ್ಲ. ಅವರು ಅದನ್ನು ವಾಪಸು ತೆಗೆದುಕೊಂಡು ಅರದಿಂದ ಒಂದೇ ಒಂದು ಗೀರು ಹಾಕಿ, ಬೆಂಚಿನ ಅಂಚಿಗಿಟ್ಟು ಅಂಗೈಯಲ್ಲಿ ಒತ್ತಿದರು. ಕಡ್ಡಿ ಫಟ್ಟನೆ ಎರಡಾಯಿತು. ತುಂಡಾದ ಬಾಯಲ್ಲಿ ಸೂಜಿಯಂಥ ಎಳೆಗಳು ಎದ್ದು ನಿಂತಿದ್ದವು.

‘ಕಬ್ಬಿಣ ಬಾಗತೈತ್ರಿ ಸರ, ಇದು ಬಾಗಂಗಿಲ್ಲ. ಗಾಯ ಆತಂದ್ರ ಒಳಗೊಳಗ ಬೆಳೀತೈತಿ. ಹೋಗೂದು ಒಂದ ಸಲಕ್ಕ’ ಎಂದರು.

ಅವತ್ತು ಮಧ್ಯಾಹ್ನದ ಡಬ್ಬಿ ಹಾಗೆಯೇ ಮನೆಗೆ ವಾಪಸು ಹೋಯಿತು. ಹೆಂಡತಿ ಏನಾಯಿತೆಂದು ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ.

ಹೇಳಿಬಿಡೋಣ ಎಂದು ಒಂದು ಭಾನುವಾರ ದೊಡ್ಡನೆಕ್ಕುಂದಿಗೆ ಹೋದೆ. ಬಸ್ಸಿನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋದರೆ ಅವಳು ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನೆಲದ ಮೇಲೆ! ಒಂದು ವರ್ಷದಿಂದ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಕೈಯೂರದೆ ಎದ್ದು ನಿಂತು ತೋರಿಸಿದಳು. ‘ವಿಜಯದಶಮಿ ದಿನ ನಮ್ಮ ಗುಂಪಿನವರೆಲ್ಲ ನೂರು ಕಿಲೋಮೀಟರ್ ಹೋಗ್ತಿದ್ದೀವಿ ಅಣ್ಣ, ಸರ್ಜಾಪುರ ದಾಟಿ. ನಾನೂ ಹೆಸರು ಕೊಟ್ಟಿದ್ದೀನಿ. ಆಯುಧಪೂಜೆಗೆ ಸೈಕಲ್ಲನ್ನ ನಿನ್ನ ವರ್ಕ್‌ಶಾಪಿಗೇ ತರ್ತೀನಿ, ನಿನ್ನ ಕೈಯಲ್ಲೇ ಪೂಜೆ ಆಗ್ಬೇಕು.’ ಅವಳ ಮುಖ ನೋಡಿದೆ. ತಿಂಡಿ ತಿಂದು ಬಂದೆ.

ಆಯುಧಪೂಜೆಯೆಂದರೆ ಪೀಣ್ಯಕ್ಕೆ ವರ್ಷಕ್ಕೊಂದೇ ಹಬ್ಬ. ರಾತ್ರಿ ಹಗಲು ಬಡಿದುಕೊಳ್ಳುವ ಪ್ರೆಸ್ಸುಗಳೆಲ್ಲ ಅವತ್ತು ಬಾಯಿ ಮುಚ್ಚುತ್ತವೆ. ಆ ಮೌನ ಕಿವಿಗೆ ಹಿಂಸೆ. ಯಾರೋ ಹೋಗಿಬಿಟ್ಟ ಮನೆಯ ಹಾಗಿರುತ್ತದೆ. ಬಾಗಿಲಿಗೆ ಬಾಳೆಕಂದು, ಲೇತುಗಳಿಗೆ ಸೇವಂತಿಗೆ ಹಾರ. ಸ್ಪ್ಯಾನರು, ಸುತ್ತಿಗೆ, ಕೀಲಿಗಳನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ ಕುಂಕುಮ ಇಡುತ್ತೇವೆ. ಪೂಜೆಗೆ ಕೂತ ಆಯುಧವನ್ನು ಮಾರನೇ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಗಾಜಿನ ಬೀರುವಿನ ಟಾರ್ಕ್ ವ್ರೆಂಚಿಗೂ ಅವತ್ತು ಒಂದು ಹೂವು ಸಿಗುತ್ತದೆ.

ತಂಗಿ ಬೆಳಿಗ್ಗೆಯೇ ಸೈಕಲ್ ತುಳಿದುಕೊಂಡು ಬಂದಿದ್ದಳು, ಹೆಬ್ಬಾಳದ ಮೇಲೆ ಹಾಯ್ದು ಅಷ್ಟು ದೂರ. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ, ರಸ್ತೆಯೆಲ್ಲ ಅಗೆದಿತ್ತು. ಸೈಕಲ್ಲು ಧೂಳಾಗಿತ್ತು. ನಮ್ಮಲ್ಲಿ ಪೂಜೆಗೆ ಮುಂಚೆ ಪ್ರತಿಯೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸುವುದು ಪದ್ಧತಿ. ಅದನ್ನೂ ಹಾಗೆಯೇ ಅಡಿಯಿಂದ ಮುಡಿಯವರೆಗೆ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿ, ಲೇತಿನ ಪಕ್ಕ ನಿಲ್ಲಿಸಿದೆ. ಬೇರೆಯವರು ಕುಂಕುಮ ಇಡುತ್ತಾರೆ. ನಮ್ಮ ಮನೆತನದಲ್ಲಿ ಮೊದಲು ವಿಭೂತಿ. ನೀರಲ್ಲಿ ಕಲೆಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದುಕೊಂಡು ಹ್ಯಾಂಡಲಿಗೊಂದು ಸಲ, ಮುಂದಿನ ಕೊಳವೆಗೊಂದು ಸಲ, ಸೀಟಿನ ಕೆಳಗಿನ ಕೊಳವೆಗೊಂದು ಸಲ ಎಳೆದೆ. ಕಪ್ಪಿನ ಮೇಲೆ ಮೂರು ಬಿಳಿ ಗೆರೆ ಲಕ್ಷಣವಾಗಿ ಕೂತವು.

ಪುರೋಹಿತರು ಮಂತ್ರ ಶುರುಮಾಡಿದರು. ಎಲ್ಲರೂ ಕೈಮುಗಿದು ನಿಂತಿದ್ದೆವು. ವಿಭೂತಿ ಒಣಗುತ್ತಾ ಬೆಳ್ಳಗಾಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಸೀಟಿನ ಕೆಳಗಿನ ಮೂರು ಗೆರೆಗಳಲ್ಲಿ ಮೇಲಿನದರ ಅಂಚಿಗೆ ಒಂದು ಕಪ್ಪು ಚುಕ್ಕೆ ಕಂಡಿತು. ನೊಣ ಎಂದುಕೊಂಡೆ. ಚುಕ್ಕೆ ಉದ್ದವಾಯಿತು. ಮೇಲಿನ ಗೆರೆಯನ್ನು ದಾಟಿತು, ಎರಡನೆಯದನ್ನು ದಾಟಿತು. ಮೂರನೆಯದರ ನಡುವಿಗೆ ಬಂದು ನಿಂತಿತು. ಕೂದಲೆಳೆಯಷ್ಟು ತೆಳ್ಳಗೆ, ಸ್ವಲ್ಪ ಸೊಟ್ಟ. ಇಪ್ಪತ್ತು ವರ್ಷದಲ್ಲಿ ಇಂಥ ಗೆರೆಯನ್ನು ನಾನು ಎಷ್ಟು ಕವಚಗಳ ಮೇಲೆ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದ ಪ್ರತಿಸಲವೂ ಮರುಮಾತಿಲ್ಲದೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಹಾಕಿ ಗುಜರಿಗೆ ಎಸೆದಿದ್ದೇನೆ. ಸೀಮೆಎಣ್ಣೆಯನ್ನೂ ನಾನೇ ಸವರಿದ್ದೆ, ಬಿಳಿಯನ್ನೂ ನಾನೇ ಬಳಿದಿದ್ದೆ. ಅಯ್ಯೋ ಶಿವನೇ, ನಿನ್ನ ವಿಭೂತಿಯಲ್ಲೇ ನನಗೆ ತೋರಿಸಿಬಿಟ್ಟೆಯಲ್ಲ ಎಂದುಕೊಂಡೆ.

ಆಗಲೇ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಮಂಗಳಾರತಿ ಹೊತ್ತಲ್ಲಿ ಮುರಿದ ಮಾತು ಆಡಬಾರದು, ಇದು ಮೊದಲ ನೆವ. ಕೀಲಿಗಳೆಲ್ಲ ಪೂಜೆಗೆ ಕೂತಿವೆ, ಬಿಚ್ಚಿ ನೋಡುವ ಹಾಗೂ ಇಲ್ಲ, ಇದು ಎರಡನೆಯದು. ಯಜಮಾನರು ಪಕ್ಕದಲ್ಲೇ ನಿಂತಿದ್ದರು, ನನ್ನ ಕೈಯನ್ನು ಹೊಗಳಿದವರೆಲ್ಲ ಸುತ್ತ ನಿಂತಿದ್ದರು. ಅದು ನೆವವಲ್ಲ, ಅದೇ ಕಾರಣ. ನಾನು ಬಗ್ಗಿ, ಹೆಬ್ಬೆರಳಿನಿಂದ ಆ ಗೆರೆಯನ್ನು ಒರೆಸಿ, ಬಟ್ಟಲಿನಿಂದ ಇನ್ನಷ್ಟು ವಿಭೂತಿ ತೆಗೆದು, ಅದೇ ಜಾಗಕ್ಕೆ ದಪ್ಪಗೆ ಮೂರು ಗೆರೆ ಎಳೆದೆ. ಎದ್ದು ತಿರುಗಿದರೆ ತಂಗಿ ಕೈಮುಗಿದುಕೊಂಡು ನನ್ನ ಹಿಂದೆಯೇ ನಿಂತಿದ್ದಳು. ನಕ್ಕಳು.

ಬಾಗಿಲ ಮುಂದೆ ಬೂದುಗುಂಬಳ ಒಡೆದರು. ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಟ್ಟರು. ಯಜಮಾನರ ಕಾರು ಮೊದಲು ಹೋಯಿತು, ಆಮೇಲೆ ಟೆಂಪೋ, ಆಮೇಲೆ ನಮ್ಮೆಲ್ಲರ ಸ್ಕೂಟರುಗಳು. ಕೊನೆಗೆ ತಂಗಿಯ ಸರದಿ. ಸೈಕಲ್ಲು ಎಷ್ಟು ಹಗುರವೆಂದರೆ ನಿಂಬೆಹಣ್ಣು ಒಡೆಯಲಿಲ್ಲ, ಜಾರಿ ಚರಂಡಿಗೆ ಬಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನೊಂದು ಇಟ್ಟರು. ಅವಳು ಪೂರ್ತಿ ಭಾರ ಹಾಕಿ ಸೀಟಿನ ಮೇಲೆ ಕೂತು ತುಳಿದಳು. ನಿಂಬೆಹಣ್ಣು ಒಡೆಯಿತು. ಅದರ ಜೊತೆಗೇ ಕಿಟ್ ಎಂದದ್ದು ನನಗೊಬ್ಬನಿಗೆ ಕೇಳಿಸಿತು.

‘ಇವತ್ತು ಸೈಕಲ್ ಇಲ್ಲೇ ಬಿಟ್ಹೋಗು. ನಾಳೆ ನೋಡಿ ಕೊಡ್ತೀನಿ’ ಎಂದೆ.

‘ನಾಳೆ ತಾನೇ ನೂರು ಕಿಲೋಮೀಟರ್! ಏನಾಗಿದೆ ಅದಕ್ಕೆ?’

ಏನಾಗಿದೆ ಎಂದು ಕೇಳಿದಳು. ಎಲ್ಲರೂ ಇದ್ದರು. ‘ಏನಿಲ್ಲ, ನಿಧಾನವಾಗಿ ಹೋಗು’ ಎಂದೆ.

ಮನೆಗೆ ಬಂದು ಹೋಳಿಗೆ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡಿದೆ. ಸುಖವಾಗಿ ತಲುಪಿದ್ದಳು. ‘ನಾಳೆ ಹೋಗ್ಬೇಡ ಕಣೆ’ ಎಂದೆ.

‘ಯಾಕೆ?’

‘ಯಾಕೋ ಮನಸ್ಸಿಗೆ ಸರಿ ಕಾಣ್ತಿಲ್ಲ.’

‘ಮಷಿನ್ ಮಧ್ಯೆ ಇರೋನು ನೀನು, ಅಜ್ಜಿ ಥರ ಶಕುನ ಹೇಳ್ತೀಯಲ್ಲಣ್ಣ’ ಎಂದು ನಕ್ಕಳು. ‘ನೀನೇ ಪೂಜೆ ಮಾಡಿ ಕಳಿಸಿದ್ದೀಯ, ಏನಾಗುತ್ತೆ?’

‘ಸೀಟಿನ ಕೊಳವೆ ಸೀಳಿದೆ, ಸೀಳಿದ್ದು ನಾನು’ ಎನ್ನಲು ಎಷ್ಟು ಹೊತ್ತು ಬೇಕು? ಅವಳು ‘ಇಡ್ಲಾ ಅಣ್ಣ?’ ಎಂದಳು. ‘ಹೂಂ ಇಡು’ ಎಂದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ತಂಗಿಯ ಗಂಡನ ಫೋನು ಬಂತು. ಅವನ ಹೆಸರು ಪರದೆಯ ಮೇಲೆ ಕಂಡಾಗಲೇ ನನಗೆ ಎಲ್ಲ ಗೊತ್ತಾಗಿಹೋಗಿತ್ತು. ಸರ್ಜಾಪುರ ಇನ್ನೂ ಸ್ವಲ್ಪ ದೂರವಿರುವಾಗ, ಇಳಿಜಾರಿನಲ್ಲಿ, ಸೀಟು ಕಂಬದ ಸಮೇತ ಕೊಳವೆಯ ಬಾಯಿಂದ ಕಿತ್ತುಬಂದು ಅವಳು ಹಿಂದಕ್ಕೆ ಬಿದ್ದಿದ್ದಳು. ಹಿಂದೆ ಒಂದು ಟಿಪ್ಪರ್ ಬರುತ್ತಿತ್ತು. ಅದರ ಡ್ರೈವರ್ ಬ್ರೇಕು ಹಾಕಿದ. ಚಕ್ರ ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತಂತೆ.

ಎಡ ಮೊಣಕೈ ಚೂರಾಗಿತ್ತು, ಸೊಂಟದ ಮೂಳೆ ಸೀಳಿತ್ತು. ಆಸ್ಪತ್ರೆಯಲ್ಲಿ ಅವಳ ಮುಖ ಸುಣ್ಣದಂತಿತ್ತು. ಗಂಡ, ಗಂಡನ ಮನೆಯವರು, ಗುಂಪಿನ ಹೆಂಗಸರು, ಎಲ್ಲರೂ ಹೇಗಾಯಿತೆಂದು ಕೇಳುತ್ತಿದ್ದರು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ‘ಗುಂಡಿ. ಗುಂಡಿ ನೋಡ್ಲಿಲ್ಲ ನಾನು’ ಎಂದಳು.

ಆಮೇಲೆ ಎಲ್ಲರೂ ರಸ್ತೆ ಮಾಡಿದವರಿಗೆ ಹಿಡಿಶಾಪ ಹಾಕಿದರು. ಬರೆಯಲು ನಾಚಿಕೆಯಾಗುತ್ತದೆ, ನಾನೂ ಹಾಕಿದೆ. ಎಲ್ಲರಿಗಿಂತ ಜೋರಾಗಿ ಹಾಕಿದೆ. ‘ಇವರ ಮನೆ ಹಾಳಾಗ’ ಎಂದೆ.

ಮೂರು ತಿಂಗಳು ಅವಳು ಮಂಚದ ಮೇಲಿದ್ದಳು. ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮುರಿದ ಸೈಕಲ್ಲನ್ನು ಎಸೆಯಲು ಅವಳು ಬಿಟ್ಟಿರಲಿಲ್ಲ. ಬಾಲ್ಕನಿಯಲ್ಲಿ ಒಂದು ಹಳೇ ಸೀರೆ ಹೊದ್ದಿಸಿ ಇಟ್ಟಿದ್ದಳು. ಒಂದು ದಿನ ಅವಳು ಮಲಗಿದ್ದಾಗ ಸೀರೆ ಸರಿಸಿ ನೋಡಿದೆ. ಕೊಳವೆ ಬಾಯಿಬಿಟ್ಟಿತ್ತು, ಎಳೆಗಳು ಸೂಜಿಗಳಂತೆ ಎದ್ದು ನಿಂತಿದ್ದವು. ಸೀಳು ನನ್ನ ದಪ್ಪ ವಿಭೂತಿಯ ನಡುವಿನಿಂದಲೇ ಇಳಿದಿತ್ತು. ಸೀರೆ ಮತ್ತೆ ಹೊದ್ದಿಸಿದೆ. ವರ್ಕ್‌ಶಾಪಿನಲ್ಲಿ ಅಷ್ಟರಲ್ಲಿ ನಾನು ಬರಿಗೈಯಲ್ಲಿ ಬಿಗಿಯುವುದನ್ನು ಬಿಟ್ಟಿದ್ದೆ. ಮಖಮಲ್ಲಿನ ಡಬ್ಬಿಯನ್ನು ದಿನಾ ತೆಗೆಯುತ್ತಿದ್ದೆ. ಯಜಮಾನರು ವಯಸ್ಸಾಯಿತೇನೋ ಎಂದು ತಮಾಷೆ ಮಾಡಿದರು.

ಎರಡು ವರ್ಷ ಕಳೆಯಿತು. ಅವಳ ಎಡಗೈ ಪೂರ್ತಿ ನೇರವಾಗಲಿಲ್ಲ. ಇವತ್ತಿಗೂ ಅನ್ನ ಬಡಿಸುವಾಗ ಸಟ್ಟುಗ ಓರೆಯಾಗುತ್ತದೆ. ನಾನು ಒಂದು ಮಾತೂ ಆಡಿರಲಿಲ್ಲ, ಅವಳೂ ಕೇಳಿರಲಿಲ್ಲ. ಒಂದು ಶನಿವಾರ ವರ್ಕ್‌ಶಾಪಿನ ಬಾಗಿಲಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಿಂದ ಸೈಕಲ್ ಇಳಿಸಿದಳು. ಹೊಸದು, ಅದೇ ಥರದ್ದು, ಅಗ್ಗದ ಕಾರ್ಬನ್.

‘ಮತ್ತೆ ಇದೇ ಯಾಕೆ ತಂದೆ?’ ಎಂದೆ.

‘ನನ್ನ ಬೆನ್ನಿಗೆ ಇದೇ ಆಗೋದು. ಇದರದ್ದೇನೂ ತಪ್ಪಿರಲಿಲ್ಲ’ ಎಂದಳು. ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಒಳಗೆ ಗೇಣುದ್ದದ ಪುಟ್ಟ ಟಾರ್ಕ್ ವ್ರೆಂಚಿತ್ತು. ‘ಸೀಟು ಬಿಗಿದುಕೊಡು. ಐದಕ್ಕೆ ಇಟ್ಟಿದ್ದೀನಿ.’

ಸುತ್ತ ಮಷಿನ್ನುಗಳು ಓಡುತ್ತಿದ್ದವು. ಅವಳು ನನ್ನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ದನಿಯಲ್ಲಿ ಹೇಳಿದಳು: ‘ಪೂಜೆ ದಿನ ನೀನು ಎರಡನೇ ಸಲ ವಿಭೂತಿ ಹಚ್ಚಿದ್ದನ್ನ ನೋಡಿದ್ದೆ ಅಣ್ಣ. ನನ್ನ ಮೇಲಿನ ಅಕ್ಕರೆಗೆ ಹಚ್ತಿದ್ದೀಯ ಅಂದ್ಕೊಂಡೆ.’

ಕಣ್ಣು ಮಂಜಾಗಿ ಬೋಲ್ಟಿನ ತಲೆಯೇ ಕಾಣಲಿಲ್ಲ. ತಡವಿ ತಡವಿ ವ್ರೆಂಚು ಕೂರಿಸಿದೆ. ತಿರುಗಿಸಿದೆ. ಅರ್ಧ ಸುತ್ತೂ ಆಗಿರಲಿಲ್ಲ, ಟಿಕ್ ಎಂದಿತು. ಕೈ ಇನ್ನೊಂದು ಕಾಲು ಸುತ್ತಿಗೆ ಎಳೆಯಿತು. ನಿಲ್ಲಿಸಿದೆ.

‘ಟಿಕ್ ಅಂತು’ ಎಂದೆ.

‘ಅವತ್ತೂ ಇಷ್ಟು ಹೇಳಿದ್ರೆ ಸಾಕಾಗಿತ್ತು’ ಎಂದಳು. ಸೊಟ್ಟಗೈಯಲ್ಲೇ ಸೈಕಲ್ಲನ್ನು ಎತ್ತಿಕೊಂಡು ಕಾರಿನ ಕಡೆ ನಡೆದಳು.